ಬ್ಲ್ಯಾಕ್ ಬೆಲ್ಟ್ ಬಂದಾಯ್ತು, ಇನ್ನು ಮೇಲಿನ ಕೆಲಸ

ಕರಾಟೆಯಲ್ಲಿ ಮೊದಲ ಡಾನ್, ಅಂದರೆ ಬ್ಲ್ಯಾಕ್ ಬೆಲ್ಟ್‌ನ ಮೊದಲ ದರ್ಜೆ, ಪಾಸಾದವರು ಮರುದಿನದಿಂದ ಕ್ಲಾಸಿಗೆ ಎಲ್ಲರಿಗಿಂತ 20 ನಿಮಿಷ ಮೊದಲೇ ಬರಬೇಕು. ತೀರ್ಥಹಳ್ಳಿ, ಹೊಸನಗರದ ಕಡೆ ಮಳೆ ಹಿಡಿಯಿತೆಂದರೆ ಹಾಲ್‌ನ ಸಿಮೆಂಟ್ ನೆಲವೂ ಬೆವರುತ್ತದೆ. ಒಣಬಟ್ಟೆಯಲ್ಲಿ ಒರೆಸಿ, ಆಮೇಲೆ ಬರಿಗಾಲಲ್ಲಿ ಅಂಗಾಲು ಎಳೆದು ನೋಡಿ. ಜಾರಿದರೆ ಮತ್ತೆ ಒರೆಸಿ. ಮ್ಯಾಟ್ ಹಾಸಿದ್ದರೆ ಸಂದಿಯಲ್ಲಿ ನೀರಿಳಿದು ಅಡಿಗೆ ಬೂಷ್ಟು ಹಿಡಿಯುತ್ತದೆ. ವಾರಕ್ಕೊಮ್ಮೆ ಬಿಚ್ಚಿ ಗೋಡೆಗೆ ಒರಗಿಸಿಡಿ. ಏನು ಮಾಡಿದರೂ ನೆಲ ಒಣಗದಿದ್ದರೆ ಅವತ್ತು ಮವಾಶಿ ಗೇರಿ (ಸುತ್ತಿ ಒದೆಯುವ ಕಿಕ್) ಬೇಡವೆಂದು ಮಾಸ್ಟರ್‌ಗೆ ತಿಳಿಸಿ. ಆ ಕಿಕ್‌ನಲ್ಲಿ ಮೈಭಾರವೆಲ್ಲ ತಿರುಗುವ ಒಂದೇ ಪಾದದ ಮೇಲಿರುತ್ತದೆ, ಅದು ಜಾರಿದರೆ ಮಂಡಿ ಹೋಯಿತು. ಈ ಕೆಲಸವನ್ನು ಜೂನಿಯರ್‌ಗಳ ತಲೆಗೆ ಕಟ್ಟಬೇಡಿ.

ನಿಮ್ಮ ದರ್ಜೆಯ ನಿಜವಾದ ಪರೀಕ್ಷೆ ವೈಟ್ ಬೆಲ್ಟ್ ಎದುರಿನ ಕುಮಿತೆಯಲ್ಲಿ, ಅಂದರೆ ಇಬ್ಬರು ಎದುರುಬದುರು ಆಡುವ ಅಭ್ಯಾಸದಲ್ಲಿ. ಮುಖದ ಕಡೆ ಹೋಗುವ ಪಂಚ್ ನಾಲ್ಕು ಬೆರಳಗಲ ಈಚೆಗೇ ನಿಲ್ಲಬೇಕು, ಅದೂ ಮೊಣಕೈ ಸ್ವಲ್ಪ ಮಡಿಸಿದ್ದಾಗಲೇ. ಹೊಸಬರು ಗಾಬರಿಯಾದರೆ ಹಿಂದೆ ಸರಿಯುವುದಿಲ್ಲ, ಕಣ್ಣು ಮುಚ್ಚಿಕೊಂಡು ಮುಂದಕ್ಕೇ ನುಗ್ಗುತ್ತಾರೆ. ಕೈ ಪೂರ್ತಿ ಚಾಚಿ ಬಿಗಿಯಾಗಿದ್ದರೆ ಅವರೇ ಬಂದು ಮುಷ್ಟಿಗೆ ಬಡಿದುಕೊಳ್ಳುತ್ತಾರೆ; ಮಡಿಸಿದ ಕೈ ಏಟನ್ನು ತಾಳಿಕೊಂಡು ಹಿಂದೆ ಬರುತ್ತದೆ. ಅವರ ಪಂಚ್ ನಿಮಗೆ ಸರಿಯಾಗಿ ತಾಗಿದರೆ 'ಬಿತ್ತು, ಚೆನ್ನಾಗಿತ್ತು' ಎಂದು ಎಲ್ಲರಿಗೂ ಕೇಳುವಂತೆ ಹೇಳಿ. ಅವಮಾನವಾಯಿತೆಂದು ಮರುಕ್ಷಣವೇ ಜೋರಾಗಿ ತಿರುಗಿಸಿ ಹೊಡೆಯುವುದು ಹೊಸ ಬ್ಲ್ಯಾಕ್ ಬೆಲ್ಟ್‌ಗಳ ದೊಡ್ಡ ತಪ್ಪು. ಮೂಗು ಒಡೆಯುವುದು ಇಂಥ ಹೊತ್ತಿನಲ್ಲೇ. ತಲೆಗೆ ಪೆಟ್ಟಾದವರನ್ನು ಅವತ್ತು ಮತ್ತೆ ಆಡಿಸಬೇಡಿ. 'ಏನೂ ಆಗಿಲ್ಲ ಅಣ್ಣ' ಅಂದರೂ ಮನೆಯವರಿಗೆ ಫೋನ್ ಮಾಡಿ. ವಾಂತಿ, ಮಂಪರು, ಹೆಚ್ಚುತ್ತಿರುವ ತಲೆನೋವು ಕಂಡರೆ ತಡಮಾಡದೆ ಆಸ್ಪತ್ರೆಗೆ, ವಾಹನವಿಲ್ಲದಿದ್ದರೆ 108ಕ್ಕೆ ಕರೆ.

ಕಟಾ (ಒಬ್ಬರೇ ಕ್ರಮವಾಗಿ ಮಾಡುವ ಚಲನೆಗಳ ಸರಣಿ) ತಿದ್ದುವಾಗ ಒಂದು ಸಲಕ್ಕೆ ಒಂದೇ ತಪ್ಪು, ಮೊದಲು ಕಾಲಿನದು. ನಿಲುವು ಸರಿಯಾದರೆ ಕೈ ಎಷ್ಟೋ ಪಾಲು ತಾನಾಗಿಯೇ ಸರಿಹೋಗುತ್ತದೆ. ಗೊತ್ತಿಲ್ಲದ್ದನ್ನು ಊಹಿಸಿ ಕಲಿಸದೆ 'ಮಾಸ್ಟರ್ ಹತ್ರ ಕೇಳಿ ಹೇಳ್ತೀನಿ' ಅನ್ನಿ. ಜೂಡೋದಲ್ಲಿ ಅದರ ಸ್ಥಾಪಕ ಜಿಗೊರೊ ಕಾನೊ ತಂದ ಡಾನ್ ಪದ್ಧತಿಯನ್ನು ಕರಾಟೆ ಗುರು ಗಿಚಿನ್ ಫುನಾಕೋಶಿ 1924ರಲ್ಲಿ ಕರಾಟೆಗೆ ಅಳವಡಿಸಿದರು. ಡಾನ್ ಎಣಿಕೆ ಒಂದರಿಂದ ಶುರುವಾಗುತ್ತದೆ, ಆದ್ದರಿಂದ ನಿಮ್ಮ ಸ್ವಂತ ಅಭ್ಯಾಸವೂ ಮೊದಲ ಕಟಾದಿಂದಲೇ ಮತ್ತೆ ಶುರುವಾಗಲಿ.

ಮಕ್ಕಳ ವಿಷಯದಲ್ಲಿ ಸಡಿಲ ಬೇಡವೇ ಬೇಡ. ಒಂದೇ ಮಗುವನ್ನು ಮುಚ್ಚಿದ ಕೋಣೆಯಲ್ಲಿ ಅಭ್ಯಾಸ ಮಾಡಿಸಬೇಡಿ. ಯಾರು ಯಾವ ಬಸ್ಸಿಗೆ ಹೋಗುತ್ತಾರೆ, ಯಾರನ್ನು ಮನೆಯವರು ಕರೆದೊಯ್ಯುತ್ತಾರೆ ಎಂದು ಹಾಜರಿ ಪುಸ್ತಕದಲ್ಲೇ ಬರೆದಿಡಿ. ಮಳೆಗೆ ಮರ ಬಿದ್ದು ಬಸ್ ನಿಂತ ದಿನ ಇದು ಬೇಕಾಗುತ್ತದೆ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ತಿಳಿದರೆ 2012ರ ಪೋಕ್ಸೋ ಕಾಯ್ದೆಯಂತೆ ಪೊಲೀಸರಿಗೆ ತಿಳಿಸಲೇಬೇಕು. ಮಕ್ಕಳ ಸಹಾಯವಾಣಿ 1098.

ಗಣಪತಿ ಮೆರವಣಿಗೆಯ ನೂಕುನುಗ್ಗಲಲ್ಲಿ ಯಾರೋ ಕೆಣಕಿದರೆ ಜೊತೆಗಿದ್ದವರನ್ನು ಕರೆದುಕೊಂಡು ಪಕ್ಕಕ್ಕೆ ಬನ್ನಿ. ಆತ್ಮರಕ್ಷಣೆಗೆ ಕಾನೂನಿನ ಬೆಂಬಲವಿದೆ, ಆದರೆ ಅಗತ್ಯಕ್ಕಿಂತ ಹೆಚ್ಚು ಹೊಡೆದರೆ ಆ ರಕ್ಷಣೆ ಸಿಗುವುದಿಲ್ಲ. ಎದುರಿನವನು ಬಿದ್ದ ಮೇಲೆ ಒದ್ದ ಒಂದು ಒದೆಗೂ ನೀವೇ ಉತ್ತರ ಕೊಡಬೇಕಾಗುತ್ತದೆ.