ಹಗೇವಿನ ಕತ್ತಲೆಯನ್ನು ಬಿಡಿಸಿದ ಬಗೆ: ನನ್ನ ಅನುಭವ

ಗದಗಿನಲ್ಲಿ ಜಾಹೀರಾತು ಮತ್ತು ಮಕ್ಕಳ ಪಾಠಗಳಿಗೆ ಅನಿಮೇಶನ್ ಮಾಡಿ ಬದುಕುವ ನಾನು, 1947–48ರಲ್ಲಿ ಹೈದರಾಬಾದ್ ನಿಜಾಮರ ಪರ ನಿಂತ ಸಶಸ್ತ್ರ ಪಡೆಯಾದ ರಜಾಕಾರರ ಹಾವಳಿಗೆ ಸಿಕ್ಕಿ ಊರು ಬಿಟ್ಟವರ ನೆನಪುಗಳನ್ನು ಸಾಕ್ಷ್ಯಚಿತ್ರವಾಗಿಸಲು ಹೊರಟಾಗ ಎದುರಾದ ಮೊದಲ ಸಂಗತಿ ಎಂದರೆ, ಅವರು ಹೇಳುವ ಯಾವ ರಾತ್ರಿಗೂ ಒಂದು ಫೋಟೊ ಕೂಡ ಇಲ್ಲ ಎಂಬುದು. ಅಂದು ಮುಂಡರಗಿ, ಗಜೇಂದ್ರಗಡಗಳು ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆಯಲ್ಲಿದ್ದವು. ಪಕ್ಕದ ಕೊಪ್ಪಳ, ಯಲಬುರ್ಗಾ, ಕುಷ್ಟಗಿಗಳು ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದವು. ನಿಜಾಮರ ವಿರುದ್ಧ ಹೋರಾಡಿದವರು ಗಡಿಯ ಈಚೆ ಹೂಡಿದ್ದ ಶಿಬಿರಗಳಲ್ಲಿ, ಮುಂಡರಗಿ ಶಿಬಿರದ ಅಳವಂಡಿ ಶಿವಮೂರ್ತಿಸ್ವಾಮಿಗಳ ಹೋರಾಟವೂ ಗಜೇಂದ್ರಗಡ ಶಿಬಿರದ ಪುಂಡಲೀಕಪ್ಪ ಜ್ಞಾನಮೋಠೆಯವರ ಹೋರಾಟವೂ ಪುಸ್ತಕಗಳಲ್ಲಿ ದಾಖಲಾಗಿವೆ. ಗಡಿ ದಾಟಲು ಚಕ್ಕಡಿ ಹತ್ತಿದ ಹೆಂಗಸರು, ಮಕ್ಕಳು ಕಂಡದ್ದು ಮಾತ್ರ ಮನೆಮಾತಿನಲ್ಲಷ್ಟೇ ಉಳಿದಿದೆ, ಹೇಳುವವರಿಗೂ ಈಗ ಎಂಬತ್ತು ದಾಟಿದೆ.

ನಟರನ್ನು ಹಚ್ಚಿ ಘಟನೆಯನ್ನು ಮರುಸೃಷ್ಟಿಸುವ ಸಲಹೆ ಬಂದಿತ್ತು, ನನಗೆ ಒಪ್ಪಿಗೆಯಾಗಲಿಲ್ಲ. ನಟಿಸಿದ ದೃಶ್ಯ ತಾನೇ ನಿಜವೆಂಬಂತೆ ಕಣ್ಣಿಗೆ ಕೂತುಬಿಡುತ್ತದೆ; ಗೆರೆಯಾದರೆ ತಾನು ಗೆರೆ ಎಂಬುದನ್ನು ಮುಚ್ಚಿಡುವುದಿಲ್ಲ. 1975ರಿಂದ 1979ರವರೆಗಿನ ಖಮೇರ್ ರೂಜ್ ಆಳ್ವಿಕೆಯಲ್ಲಿ ತನ್ನ ಮನೆಯವರನ್ನು ಕಳೆದುಕೊಂಡ ಕಾಂಬೋಡಿಯಾದ ರಿಥಿ ಪಾನ್, 2013ರ ತಮ್ಮ ಚಿತ್ರದಲ್ಲಿ ಆ ಕಾಲವನ್ನು ಮಣ್ಣಿನ ಗೊಂಬೆಗಳಿಂದ ತೋರಿಸಿದರು. ಆ ಗೊಂಬೆಗಳು ಅಲುಗಾಡುವುದೂ ಇಲ್ಲ, ಆದರೂ ನೋಡುವವನ ಉಸಿರು ಬಿಗಿಯಾಗುತ್ತದೆ. ಅರ್ಮೇನಿಯನ್ ನರಮೇಧದಿಂದ ಬದುಕಿ ಬಂದ ಅರೋರಾ ಮಾರ್ಡಿಗಾನಿಯನ್ ಅವರನ್ನು ಕುರಿತ 2022ರ ಚಿತ್ರದಲ್ಲಿ ಅವರ ಮುಪ್ಪಿನ ಕಾಲದ ಸಂದರ್ಶನ, 1919ರ ಮೂಕಿ ಚಿತ್ರದ ಉಳಿದ ತುಣುಕುಗಳು ಮತ್ತು ಅನಿಮೇಶನ್ ಮೂರೂ ಇವೆ. ಯಾವುದು ಯಾವುದೆಂದು ನೋಡುವವರಿಗೆ ತಿಳಿಯುತ್ತದೆ. ನನಗೆ ಬೇಕಾಗಿದ್ದುದು ಇದೇ ಪ್ರಾಮಾಣಿಕತೆ.

ಆದ್ದರಿಂದ ಕೆಲಸ ಧ್ವನಿಯಿಂದ ಶುರುವಾಯಿತು. ಫ್ಯಾನ್ ಆರಿಸಿ, ಕೊರಳ ಬಳಿ ಸಣ್ಣ ಮೈಕ್ ಹಚ್ಚಿ, ಮಾತು ಮುಗಿದ ಮೇಲೂ ಖಾಲಿ ಕೋಣೆಯ ಸದ್ದನ್ನು ಸ್ವಲ್ಪ ಹೊತ್ತು ಹಿಡಿದಿಟ್ಟುಕೊಳ್ಳುತ್ತಿದ್ದೆ. ಸಂಕಲನದಲ್ಲಿ ಮೌನವನ್ನು ಜೋಡಿಸಲು ಆ ಸದ್ದೇ ಬೇಕಾಗುತ್ತದೆ. ಯಲಬುರ್ಗಾ ಸೀಮೆಯ ಒಬ್ಬ ಆಯಿ ಹೇಳಿದ್ದು ಹೀಗೆ: "ತಮ್ಮಾ, ನಮ್ಮನ್ನ ಹಗೇವಿನ್ಯಾಗ ಇಳಿಸಿದ್ರು. ಮೊದಲ ದೀಪಾ ಇಳಿಬಿಟ್ಟು ನೋಡಿದ್ರು, ಆರಲಿಲ್ಲ. ಆಮ್ಯಾಲ ಮ್ಯಾಲೆ ಹಾಸಗಲ್ಲು ಎಳದ್ರು. ಜ್ವಾಳದ ವಾಸನಿ ಒಂದು ಗೊತ್ತೈತಿ, ಮತ್ತೇನ ಕಾಣ್ತದ?" ಹಗೇವು ಎಂಬ ಈ ನೆಲದಡಿಯ ಕಾಳಿನ ಕಣಜದಲ್ಲಿ ಕೆಟ್ಟ ಗಾಳಿ ತುಂಬಿ ಜೀವ ಹೋಗುವುದುಂಟು ಎಂಬುದು ಈ ಭಾಗದ ರೈತರಿಗೆಲ್ಲ ಗೊತ್ತು, ಆ ಗಾಬರಿಯಲ್ಲೂ ಹಿರಿಯರು ದೀಪ ಇಳಿಬಿಟ್ಟು ನೋಡಿದರೆಂಬ ವಿವರವನ್ನು ಯಾವ ಕಥೆಗಾರನೂ ಕಲ್ಪಿಸಿ ಬರೆಯಲಾರ.

ಇಲ್ಲಿಯೇ ನನ್ನ ನಿಯಮ ಗಟ್ಟಿಯಾಯಿತು: ಅವರು ಹೇಳದ್ದನ್ನು ನಾನು ಬಿಡಿಸುವುದಿಲ್ಲ. ಆಯಿ ಮೇಲೆ ನಡೆದದ್ದನ್ನು ಕಂಡಿರಲಿಲ್ಲ, ಕೇಳಿದ್ದರು. ಹಾಗಾಗಿ ಆ ಇಡೀ ಭಾಗದಲ್ಲಿ ತೆರೆ ಕಪ್ಪಾಗಿಯೇ ಇದ್ದು, ಕಲ್ಲಿನ ಅಂಚಿನಲ್ಲಿ ಒಂದು ತೆಳು ಬೆಳಕಿನ ಗೆರೆ ಮಾತ್ರ ಮಿಸುಕುತ್ತದೆ. ಕಾಗದಕ್ಕೆ ಇದ್ದಿಲು ತಿಕ್ಕಿ, ಆ ಗೆರೆಯಷ್ಟನ್ನು ರಬ್ಬರಿನಿಂದ ಒರೆಸಿ, ಒಂದೊಂದು ಒರೆಸುವಿಕೆಗೂ ಒಂದು ಚಿತ್ರ ತೆಗೆದೆ. ಸೆಕೆಂಡಿಗೆ 24 ಫ್ರೇಮ್ ಇರುವಲ್ಲಿ ಒಂದು ಚಿತ್ರವನ್ನು ಎರಡು ಫ್ರೇಮ್ ನಿಲ್ಲಿಸಿದರೂ ಒಂದು ನಿಮಿಷಕ್ಕೆ 720 ಚಿತ್ರ ಬೇಕು. ಬಡ ಬಜೆಟ್ಟಿಗೆ ಕತ್ತಲೆ ಅನುಕೂಲವೇ ಎಂದು ಗೆಳೆಯರು ಚೇಷ್ಟೆ ಮಾಡಿದರು, ಅದೂ ಸುಳ್ಳಲ್ಲ. ಚಕ್ಕಡಿಯ ಪಯಣವನ್ನು ಮಗುವಿನ ಕಣ್ಣಿನ ಎತ್ತರದಿಂದ ಬಿಡಿಸಿದೆ. ಸದ್ದಾಗಬಾರದೆಂದು ಎತ್ತಿನ ಕೊರಳ ಗೆಜ್ಜೆ ಬಿಚ್ಚಿದ್ದರಂತೆ, ಆದ್ದರಿಂದ ಆ ದೃಶ್ಯಕ್ಕೆ ಸಂಗೀತವನ್ನೂ ಹಾಕಲಿಲ್ಲ.

ದಾಳಿ ಮಾಡಿದವರನ್ನು ಹೇಗೆ ತೋರಿಸುವುದು ಎಂಬುದೇ ಎಲ್ಲಕ್ಕಿಂತ ಕಠಿಣವಾಗಿತ್ತು. ಕೆಲವು ಬಂಧುಗಳು ಗಡ್ಡ, ಟೋಪಿ, ಕತ್ತಿ ಇರಲೇಬೇಕೆಂದರು. ಆಯಿಯ ಮಾತಿನಲ್ಲಿ ಇದ್ದದ್ದು ಬೂಟುಗಾಲಿನ ಸದ್ದು ಮಾತ್ರ. ಟೋಪಿ ಬಿಡಿಸಿದ ಕ್ಷಣದಲ್ಲಿ ರಜಾಕಾರರ ನಾಯಕ ಕಾಸಿಂ ರಜ್ವಿಯ ಪಡೆಯ ಅಪರಾಧ ಇಂದಿನ ನೆರೆಯವನ ತಲೆಯ ಮೇಲೆ ಕೂರುತ್ತದೆ ಎಂಬುದು ನನ್ನ ತಿಳಿವಳಿಕೆ, ಅದಕ್ಕಾಗಿ ಜಗಳವಾದರೂ ಬಗ್ಗಲಿಲ್ಲ. ಇನ್ನೊಂದು ಕಾರಣವೂ ಇತ್ತು. 1948ರ ಸೆಪ್ಟೆಂಬರ್ 13ರಂದು ಶುರುವಾದ ಭಾರತದ ಸೇನಾ ಕಾರ್ಯಾಚರಣೆ 17ರಂದು ನಿಜಾಮರ ಶರಣಾಗತಿಯೊಂದಿಗೆ ಮುಗಿದ ಮೇಲೆ ಮುಸ್ಲಿಮರ ಮೇಲೆ ಸೇಡಿನ ಹತ್ಯೆಗಳು ನಡೆದವು. ಭಾರತ ಸರ್ಕಾರವೇ ಕಳಿಸಿದ ಪಂಡಿತ್ ಸುಂದರಲಾಲ್ ತಂಡ ಸತ್ತವರ ಸಂಖ್ಯೆಯನ್ನು 27,000ದಿಂದ 40,000 ಎಂದು ಅಂದಾಜಿಸಿತು, ಕಲಬುರಗಿ, ಬೀದರ್ ಜಿಲ್ಲೆಗಳು ಅತಿ ಹೆಚ್ಚು ನೊಂದವುಗಳಲ್ಲಿದ್ದವು. ಆ ವರದಿ ದಶಕಗಳ ಕಾಲ ಹೊರಬರಲಿಲ್ಲ. ಹಾಗಾಗಿ ಕಲಬುರಗಿ ಕಡೆಯಿಂದ ತಾಯಿಯೊಡನೆ ಗದಗಿಗೆ ಬಂದು ನೆಲೆಸಿದ, ತಂದೆ ಮರಳಿ ಬಾರದ ಒಬ್ಬ ಚಾಚಾರ ನೆನಪೂ ಇದೇ ಚಿತ್ರದಲ್ಲಿ, ಇದೇ ಇದ್ದಿಲಿನಲ್ಲಿ, ಇದೇ ನಿಯಮಕ್ಕೆ ಒಳಪಟ್ಟು ಬರುತ್ತದೆ. ಇಬ್ಬರನ್ನೂ ತೂಗಿ ನೋಡುವ ನಿರೂಪಕನ ದನಿಯನ್ನು ನಾನು ಸೇರಿಸಿಲ್ಲ.

ಹೆಸರು, ಊರು, ಮುಖ ಯಾವುದನ್ನೂ ತೋರಿಸದೆ ದನಿಯನ್ನಷ್ಟೇ ಇಡುವ ಅವಕಾಶ ಇದ್ದುದರಿಂದಲೇ ಇಬ್ಬರೂ ಮಾತಾಡಲು ಒಪ್ಪಿದರು. ಕರಡು ಚಿತ್ರವನ್ನು ಮೊದಲು ಅವರಿಗೇ ತೋರಿಸಿದೆ. ಆಯಿ ಹಗೇವಿನ ಬಾಯಿ ಇಷ್ಟು ಅಗಲ ಇರಲಿಲ್ಲ, ಒಬ್ಬರು ಇಳಿಯುವಷ್ಟೇ ಇತ್ತು ಎಂದು ಕೈಯಲ್ಲಿ ಅಳತೆ ತೋರಿಸಿದರು, ಆ ಭಾಗವನ್ನು ಮತ್ತೆ ಬಿಡಿಸಿದೆ. ಚಿತ್ರದಲ್ಲಿ ಬಳಸಿದ್ದು ಮಾತಿನ ಸಣ್ಣ ಪಾಲು. ಕತ್ತರಿಸದ ಪೂರ್ಣ ಧ್ವನಿಮುದ್ರಣವನ್ನೂ ಅವರ ಆಡುಮಾತನ್ನು ತಿದ್ದದೆ ಇಳಿಸಿದ ಬರಹವನ್ನೂ, ಯಾವ ಚಿತ್ರ ಯಾವ ವಾಕ್ಯಕ್ಕೆ ಸೇರಿದ್ದೆಂಬ ಪಟ್ಟಿಯೊಂದಿಗೆ ಎರಡೂ ಮನೆಗಳಿಗೆ ಪ್ರತಿ ಮಾಡಿ ಕೊಟ್ಟಿದ್ದೇನೆ. ಚಾಚಾರ ಭಾಗದ ಕೊನೆಯ ದೃಶ್ಯವನ್ನು ಅವರ ಮಗಳು ನೋಡಿ ಒಪ್ಪಿದ ಮೇಲೆಯೇ ಪ್ರದರ್ಶನದ ದಿನ ಗೊತ್ತುಮಾಡುತ್ತೇನೆ.