ಬರೆದಾದ ಕಮಿಟ್ ಸಂದೇಶವನ್ನು ತಿದ್ದುವುದು

ಕೋಡ್‌ನ ಬದಲಾವಣೆಗಳ ದಾಖಲೆ ಇಡುವ ಗಿಟ್‌ನಲ್ಲಿ ‘ಫಿಕ್ಸ್’ ಎಂಬ ಒಂದೇ ಪದದ ಕಮಿಟ್ ಸಂದೇಶ (ದಾಖಲಿಸಿದ ಬದಲಾವಣೆಯ ಜೊತೆಗಿನ ವಿವರಣೆ) ಕಂಡರೆ ನನಗೆ ಸಂಕಟವಾಗುತ್ತದೆ. ರಸೀದಿಯಲ್ಲಿ ಪೈಸೆಯ ಲೆಕ್ಕ ಏಕೆ ಬದಲಾಯಿತೆಂದು ಮುಂದೆ ಹುಡುಕುವವರಿಗೆ ಅದು ಏನನ್ನೂ ಹೇಳುವುದಿಲ್ಲ. ದಯವಿಟ್ಟು ತಿದ್ದಿ.

ಕೊನೆಯ ಕಮಿಟ್ ಆಗಿದ್ದರೆ ‘ಗಿಟ್ ಕಮಿಟ್ --ಅಮೆಂಡ್’ ಸಾಕು. ಮೊದಲು ‘ಗಿಟ್ ಸ್ಟೇಟಸ್’ ನೋಡಿ. ಸ್ಟೇಜ್ ಆಗಿರುವ (ಮುಂದಿನ ಕಮಿಟ್‌ಗೆಂದು ಆರಿಸಿಟ್ಟ) ಕಡತಗಳಿದ್ದರೆ ಅವೂ ಆ ಕಮಿಟ್‌ನೊಳಗೆ ಸೇರಿಕೊಳ್ಳುತ್ತವೆ.

ಹಿಂದಿನದಾದರೆ ‘ಗಿಟ್ ರೀಬೇಸ್ -ಐ ಹೆಡ್~3’. ಎಡಿಟರ್‌ನಲ್ಲಿ ಕೊನೆಯ ಮೂರು ಕಮಿಟ್‌ಗಳು ಕಾಣುತ್ತವೆ, ಹಳೆಯದು ಮೇಲೆ, ಹೊಸದು ಕೆಳಗೆ. ಬೇಕಾದ ಸಾಲಿನ ‘ಪಿಕ್’ ಅಳಿಸಿ ‘ರೀವರ್ಡ್’ ಎಂದು ಬರೆಯಿರಿ. ಸಂದೇಶವನ್ನು ಅಲ್ಲೇ ತಿದ್ದಿದರೆ ಗಿಟ್ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಉಳಿಸಿ ಮುಚ್ಚಿದ ಮೇಲೆ ತೆರೆಯುವ ಪುಟದಲ್ಲಿ ತಿದ್ದಬೇಕು. ‘ರಸೀದಿ: ಪೈಸೆಯನ್ನು ಒಟ್ಟು ಮೊತ್ತದಲ್ಲಿ ಮಾತ್ರ ಪೂರ್ಣಾಂಕಗೊಳಿಸಿದೆ’ ಎಂಬಂಥ ಸಾಲು ನನಗೆ ಇಷ್ಟ.

ಪ್ರತಿ ಕಮಿಟ್ ತನ್ನ ಹಿಂದಿನದರ ಹ್ಯಾಶನ್ನು (ಅದರ ಗುರುತಿನ ಸಂಕೇತವನ್ನು) ಹೊತ್ತಿರುತ್ತದೆ. ಹಾಗಾಗಿ ಒಂದರ ಸಂದೇಶ ಬದಲಾದರೆ ಮುಂದಿನ ಎಲ್ಲವುಗಳ ಹ್ಯಾಶ್ ಬದಲಾಗುತ್ತದೆ. ನಿಮ್ಮದೇ ಶಾಖೆಯನ್ನು (ಕಮಿಟ್‌ಗಳ ಪ್ರತ್ಯೇಕ ಸರಣಿಯನ್ನು) ಈಗಾಗಲೇ ಪುಶ್ ಮಾಡಿದ್ದರೆ, ಅಂದರೆ ಸರ್ವರ್‌ಗೆ ಕಳಿಸಿದ್ದರೆ, ‘--ಫೋರ್ಸ್-ವಿತ್-ಲೀಸ್’ ಸೇರಿಸಿ ಮತ್ತೆ ಪುಶ್ ಮಾಡಿ. ನೀವು ಫೆಚ್ ಮಾಡದ (ನಿಮ್ಮ ಯಂತ್ರಕ್ಕೆ ತಂದುಕೊಳ್ಳದ) ಕಮಿಟ್ ಸರ್ವರ್‌ನಲ್ಲಿದ್ದರೆ ಅದು ಆ ಪುಶ್ ಅನ್ನು ತಡೆಯುತ್ತದೆ. ಎಲ್ಲರೂ ಬಳಸುವ ಮೇನ್ ಶಾಖೆಯನ್ನಂತೂ ಮುಟ್ಟಲೇಬೇಡಿ. ಅಲ್ಲಿ ವಿವರಣೆ ಬೇಕಿದ್ದರೆ ‘ಗಿಟ್ ನೋಟ್ಸ್ ಆ್ಯಡ್’ ಇದೆ. ಆ ಟಿಪ್ಪಣಿಗಳನ್ನು ಪ್ರತ್ಯೇಕವಾಗಿ ಪುಶ್ ಮಾಡಬೇಕು.