ನಾನೇ ಅಳಿಸಿದ ಸ್ಟಾರ್

ದಾವಣಗೆರೆಯ ಒಂದು ಲ್ಯಾಬಿನಲ್ಲಿ ಸಣ್ಣದೊಂದು ಕ್ಲಸ್ಟರ್, ಅಂದರೆ ಒಟ್ಟಿಗೆ ಲೆಕ್ಕ ಮಾಡುವ ಕಂಪ್ಯೂಟರ್‌ಗಳ ಗುಂಪು, ನೋಡಿಕೊಳ್ಳುವುದು ನನ್ನ ಕೆಲಸ. ಲೆಕ್ಕ ಮಾಡುವ ಎಂಟು ಕಂಪ್ಯೂಟ್ ನೋಡ್, ಅವನ್ನು ನಡೆಸುವ ಒಂದು ಹೆಡ್ ನೋಡ್, ಜಾಬ್ ಹಂಚಲಿಕ್ಕೆ ಸ್ಲರ್ಮ್ ಅನ್ನುವ ಸಾಫ್ಟ್‌ವೇರ್. ಬೆಳಿಗ್ಗೆ ತಿಂಡಿ ತಟ್ಟೆ ಮುಂದೆ ಕೂತಿರುವಾಗಲೇ ಮೊಬೈಲಿಗೆ ಮೆಸೇಜ್ ಶುರು. ಜಾಬ್ ಯಾಕೆ ನಿಂತಿದೆ, ಸ್ಟೋರೇಜ್ ಸ್ಲೋ ಆಗಿದೆಯಾ, ನೋಡ್ ಬಿದ್ದುಹೋಯ್ತಾ. ನಾನು ಅದೇ ನಾಲ್ಕು ಕಮಾಂಡ್ ಹೊಡೆದು ಅದೇ ಉತ್ತರ ಕಳಿಸುತ್ತಿದ್ದೆ. ಇದನ್ನು ಎಐ ಏಜೆಂಟ್‌ಗೆ, ಅಂದರೆ ಪ್ರಶ್ನೆ ಓದಿ ತಾನೇ ಟೂಲ್ ಕರೆದು ಉತ್ತರ ಕೊಡುವ ಎಐಗೆ, ವಹಿಸಿಬಿಡೋಣ ಅನ್ನಿಸಿತು. ಏಜೆಂಟ್‌ಗೆ ಹೊರಗಿನ ಟೂಲ್ ಜೋಡಿಸಲಿಕ್ಕೆ ಆಂಥ್ರೊಪಿಕ್‌ನವರು 2024ರ ನವೆಂಬರ್‌ನಲ್ಲಿ ಎಂಸಿಪಿ ಅಂತ ಒಂದು ಪ್ರೋಟೋಕಾಲ್ ಬಿಟ್ಟರಲ್ಲ, ಅದರ ಮೇಲೆ ಆ ಕಮಾಂಡ್‌ಗಳನ್ನು ಟೂಲ್‌ಗಳಾಗಿ ಕೊಡುವ ಒಂದು ಪುಟ್ಟ ಸರ್ವರ್ ಪೈಥಾನ್‌ನಲ್ಲಿ ಬರೆದೆ. ಎರಡು ಸಂಜೆಯ ಕೆಲಸ. ಅದಕ್ಕೆ ವಿವರಣೆ, ಅಂದರೆ ಟೂಲ್ ಏನು ಮಾಡುತ್ತದೆ ಅಂತ ಏಜೆಂಟ್ ಓದಿಕೊಳ್ಳುವ ಸಾಲುಗಳು, ಬರೆಯುವುದಕ್ಕೆ ಮಾತ್ರ ಮೂರು ವಾರ ಹಿಡಿಯಿತು. ನಾನು ಹೇಳಹೊರಟಿರುವುದು ಆ ಮೂರು ವಾರದ ಕಥೆ.

ಮೊದಲ ಸಲ ಬರೆದಿದ್ದು ಒಂದೇ ಸಾಲು: 'ಕ್ಲಸ್ಟರ್‌ನ ಸ್ಥಿತಿ ತಿಳಿಸುತ್ತದೆ'. ನಾನು ಓದಿದರೆ ನನಗೆ ಎಲ್ಲ ಗೊತ್ತಾಗುತ್ತೆ, ಯಾಕೆಂದರೆ ಟೂಲ್ ಬರೆದವನೇ ನಾನು. ಏಜೆಂಟ್‌ಗೆ ಇರುವುದು ಆ ಸಾಲು ಮಾತ್ರ. ಯಾರೋ ಪಾಸ್‌ವರ್ಡ್ ಬದಲಿಸುವುದು ಹೇಗೆ ಅಂತ ಕೇಳಿದರೂ ಎಂಟೂ ನೋಡ್‌ನ ಸ್ಥಿತಿ ತಂದು ಸುರಿಯುತ್ತಿತ್ತು. ನೋಡ್ ಹೆಸರು ಕೊಡು ಅಂದರೆ ಒಮ್ಮೆ '4', ಒಮ್ಮೆ 'ನೋಡ್ ನಾಲ್ಕು', ಒಮ್ಮೆ 'ಎಲ್ಲಾ'. ಇದಕ್ಕೆ ಮದ್ದು ಸುಲಭ. ಟೂಲ್‌ಗೆ ಏನೇನು ಕಳಿಸಬಹುದು ಅಂತ ಹೇಳುವ ಸ್ಕೀಮಾದಲ್ಲೇ ನೋಡ್‌ಗಳ ಹೆಸರನ್ನು ಪಟ್ಟಿ ಮಾಡಿ ಕೊಟ್ಟೆ, ಅದರಾಚೆ ಏನು ಕಳಿಸಿದರೂ ಎರರ್. ಯಾವಾಗ ಈ ಟೂಲ್ ಬಳಸಬೇಕು, ಯಾವಾಗ ಮುಟ್ಟಲೇಬಾರದು ಅಂತ ಎರಡೆರಡು ಸಾಲು ಸೇರಿಸಿದೆ. ಒಂದು ದಿನ ಪೂರ್ತಿ ತಿಂದ ಇನ್ನೊಂದು ತಪ್ಪೂ ಇದೆ, ಹೇಳಲು ನಾಚಿಕೆ: ಕೋಡ್‌ನಲ್ಲಿ ಡೀಬಗ್ಗಿಗೆ ಅಂತ ಒಂದು ಪ್ರಿಂಟ್ ಬಿಟ್ಟಿದ್ದೆ. ನನ್ನ ಸರ್ವರ್‌ನಲ್ಲಿ ಎಂಸಿಪಿಯ ಮಾತುಕತೆ ಓಡುವುದೇ ಸ್ಟ್ಯಾಂಡರ್ಡ್ ಔಟ್‌ಪುಟ್ ಮೇಲೆ, ಅಂದರೆ ಪ್ರಿಂಟ್ ಮಾಡಿದ್ದು ಹೋಗುವ ದಾರಿಯಲ್ಲೇ, ನಡುವೆ ನನ್ನ ಪ್ರಿಂಟ್ ನುಗ್ಗಿ ಎಲ್ಲ ಕೆಡಿಸುತ್ತಿತ್ತು.

ನಿಜವಾದ ಪೆಟ್ಟು ಬಿದ್ದಿದ್ದು ಕರೆಂಟ್ ಹೋದ ದಿನ. ಯುಪಿಎಸ್ ಎಲ್ಲವನ್ನೂ ಹಿಡಿದುಕೊಂಡಿತು, ನಾಲ್ಕನೇ ನೋಡ್ ಒಂದನ್ನು ಬಿಟ್ಟು. ಅದು ಆಫ್ ಆಗಿ ತಾನೇ ಆನ್ ಆಯಿತು. ಸ್ವಲ್ಪ ಹೊತ್ತಿಗೆ ಲ್ಯಾಬ್ ಹುಡುಗನ ಫೋನ್.

"ಅಣ್ಣಾ, ಏಜೆಂಟ್ ಕೇಳಿದ್ರೆ ನಾಲ್ಕನೇ ನೋಡ್ ಖಾಲಿ ಐತೆ ಅಂತತೆ. ಜಾಬ್ ಮಾತ್ರ ಹೋಗವಲ್ದು."

"ಸರ್ವಿಸ್ ನಡೀತಿದೆಯಾ ಅಂತ ಕೇಳಪ್ಪಾ."

"ಕೇಳ್ದೆ. ಸ್ಲರ್ಮ್‌ಡಿ ಆಕ್ಟಿವ್, ಏನೂ ತೊಂದ್ರೆ ಇಲ್ಲ ಅಂತು."

ಸ್ಲರ್ಮ್‌ಡಿ ಅಂದರೆ ಪ್ರತಿ ಕಂಪ್ಯೂಟ್ ನೋಡ್‌ನಲ್ಲಿ ಓಡುವ ಸ್ಲರ್ಮ್‌ನ ಸರ್ವಿಸ್. ಹೆಡ್ ನೋಡ್‌ಗೆ ಲಾಗಿನ್ ಆಗಿ, ನೋಡ್‌ಗಳ ಸ್ಥಿತಿ ತೋರಿಸುವ ಎಸ್‌ಇನ್ಫೋ ಕಮಾಂಡ್ ಹೊಡೆದೆ. ನಾಲ್ಕನೇ ನೋಡ್ ಮುಂದೆ 'ಐಡಲ್' (ಖಾಲಿ) ಅಂತಿತ್ತು, ಅದರ ಬಾಲಕ್ಕೆ ಒಂದು ಸ್ಟಾರ್. ಸ್ಲರ್ಮ್ ಬಳಸುವವರಿಗೆ ಗೊತ್ತಿರುತ್ತೆ, ಆ ಸ್ಟಾರ್ ಇದ್ದರೆ ನೋಡ್ ಈಗ ಉತ್ತರ ಕೊಡುತ್ತಿಲ್ಲ ಅಂತ ಅರ್ಥ, ಹೊಸ ಜಾಬ್ ಅದಕ್ಕೆ ಹೋಗುವುದಿಲ್ಲ. ಡೀಫಾಲ್ಟ್ ಆಗಿ 300 ಸೆಕೆಂಡ್ ಕಾದು ಆಮೇಲೆ ಅದನ್ನು 'ಡೌನ್' ಅನ್ನುತ್ತದೆ. ಹುಡುಗ ಕೇಳಿದ್ದು ಸರಿಯಾಗಿ ಆ ಐದು ನಿಮಿಷದ ಒಳಗೆ. ಸರಿ, ಏಜೆಂಟ್‌ಗೆ ಸ್ಟಾರ್ ಯಾಕೆ ಕಾಣಲಿಲ್ಲ? ಯಾಕೆಂದರೆ ಔಟ್‌ಪುಟ್ ನೀಟಾಗಿರಲಿ ಅಂತ ಅಕ್ಷರ ಬಿಟ್ಟು ಮಿಕ್ಕಿದ್ದೆಲ್ಲ ಕಿತ್ತುಹಾಕುವ ಒಂದು ಸಾಲು ಕೋಡ್ ಬರೆದಿದ್ದೆ. ಮಹಾ ಬುದ್ಧಿವಂತಿಕೆ!

ನೋಡ್ ಯಾಕೆ ಮಾತಾಡುತ್ತಿರಲಿಲ್ಲ ಅನ್ನುವುದು ಇನ್ನೂ ಚೆನ್ನಾಗಿದೆ. ಮದರ್‌ಬೋರ್ಡಿನ ಸೆಲ್ ಸತ್ತಿತ್ತು. ಕರೆಂಟ್ ಹೋಗಿ ಬಂದಾಗ ಗಡಿಯಾರ ಎಷ್ಟೋ ವರ್ಷ ಹಿಂದಕ್ಕೆ ಓಡಿತ್ತು. ಸ್ಲರ್ಮ್ ತನ್ನ ನೋಡ್‌ಗಳ ಗುರುತು ಹಿಡಿಯುವುದು ಮಂಜ್ ಅನ್ನುವ ಸರ್ವಿಸ್ ಮೂಲಕ. ಮಂಜ್ ಕೊಡುವ ಚೀಟಿಗೆ ಡೀಫಾಲ್ಟ್ ಆಯಸ್ಸು ಐದೇ ನಿಮಿಷ, ಎರಡು ಕಡೆಯ ಗಡಿಯಾರ ಅದಕ್ಕಿಂತ ಜಾಸ್ತಿ ದೂರವಾದರೆ ಚೀಟಿ ತಿರಸ್ಕಾರ. ಸಮಯ ತಿದ್ದಬೇಕಾಗಿದ್ದ ಕ್ರೋನಿ ಅನ್ನುವ ಸರ್ವಿಸ್‌ಗೆ ಹೊರಗಿನ ಸರ್ವರ್‌ನ ಹೆಸರು ಕೊಟ್ಟಿದ್ದೆ, ಕಂಪ್ಯೂಟ್ ನೋಡ್‌ಗಳಿಗೆ ಹೊರಗೆ ಹೋಗುವ ದಾರಿಯೇ ಇಲ್ಲ. ಅದನ್ನು ಬರೆದವನೂ ನಾನೇ. ಹಾಗಾಗಿ ಸ್ಲರ್ಮ್‌ಡಿ ಪ್ರೋಸೆಸ್ ಜೀವಂತವಾಗಿತ್ತು, ಸರ್ವಿಸ್‌ಗಳನ್ನು ನೋಡಿಕೊಳ್ಳುವ ಸಿಸ್ಟಮ್‌ಡಿ ಆಕ್ಟಿವ್ ಅಂದಿದ್ದು ಸುಳ್ಳಲ್ಲ, ಆದರೆ ಅದರ ಮಾತನ್ನು ಹೆಡ್ ನೋಡ್ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ.

ಆ ರಾತ್ರಿ ಕೂತು ವಿವರಣೆ ಪೂರ್ತಿ ಅಳಿಸಿ ಹೊಸದಾಗಿ ಬರೆದೆ. ಟೂಲ್ ಏನು ಹೇಳುತ್ತದೆ ಅನ್ನುವುದಕ್ಕಿಂತ ಏನು ಹೇಳುವುದಿಲ್ಲ ಅನ್ನುವುದಕ್ಕೆ ಹೆಚ್ಚು ಜಾಗ ಕೊಟ್ಟೆ. 'ಆಕ್ಟಿವ್ ಅಂದರೆ ಪ್ರೋಸೆಸ್ ಓಡುತ್ತಿದೆ ಅಂತ ಮಾತ್ರ, ಕೆಲಸ ಮಾಡುತ್ತಿದೆ ಅಂತಲ್ಲ. ಖಚಿತ ಮಾಡಲು ನೋಡ್ ಸ್ಥಿತಿಯ ಟೂಲ್ ಕರೆ.' 'ಡ್ರೇನ್ ಅಂದರೆ ಕೆಟ್ಟಿದೆ ಅಂತಲ್ಲ, ಸಾಮಾನ್ಯವಾಗಿ ಅಡ್ಮಿನ್ ಬೇಕಂತಲೇ ಹೊರಗಿಟ್ಟಿರುತ್ತಾರೆ. ಕಾರಣದ ಕಾಲಂ ಓದಿ ಹೇಳು.' ಉತ್ತರವನ್ನೂ ಮೂರು ಬಗೆ ಮಾಡಿದೆ: ಸರಿಯಿದೆ, ಸರಿಯಿಲ್ಲ, ಗೊತ್ತಾಗಲಿಲ್ಲ. ಮೊದಲು ಟೈಮ್‌ಔಟ್ ಆದರೆ ಖಾಲಿ ಪಟ್ಟಿ ಹೋಗುತ್ತಿತ್ತು, ಏಜೆಂಟ್ ಅದನ್ನು ನೋಡಿ 'ಯಾವ ಸಮಸ್ಯೆಯೂ ಇಲ್ಲ' ಅಂತ ಖುಷಿಯಾಗಿ ಹೇಳಿಬಿಡುತ್ತಿತ್ತು. ಈಗ 'ಗೊತ್ತಾಗಲಿಲ್ಲ' ಬಂದರೆ ಊಹೆ ಮಾಡಬೇಡ, ಹಾಗಂತಲೇ ಹೇಳು ಅಂತ ಬರೆದಿದ್ದೇನೆ. ಮನುಷ್ಯರಾದರೆ ಅನುಮಾನ ಬಂದು ವಾಪಸ್ ಕೇಳುತ್ತಾರೆ, ಅಲ್ವಾ? ನನ್ನ ಏಜೆಂಟ್ ಒಂದು ಸಲವೂ ಕೇಳಲಿಲ್ಲ.

ಇನ್ನೊಂದು ಸಾಲು: 'ಈ ಟೂಲ್ ನೋಡುತ್ತದೆ ಅಷ್ಟೆ, ಏನನ್ನೂ ರಿಪೇರಿ ಮಾಡುವುದಿಲ್ಲ.' ಇದು ಬೇಕಾಗಿದ್ದು ಯಾಕೆಂದರೆ ಒಮ್ಮೆ ಏಜೆಂಟ್ ಸರ್ವಿಸ್ ರೀಸ್ಟಾರ್ಟ್ ಮಾಡಿದ್ದೇನೆ ಅಂತ ಒಬ್ಬರಿಗೆ ಹೇಳಿತ್ತು. ಮಾಡಿರಲಿಲ್ಲ, ಮಾಡಲು ಸಾಧ್ಯವೂ ಇರಲಿಲ್ಲ. ಎಂಸಿಪಿಯಲ್ಲಿ 'ಓದಲು ಮಾತ್ರ' ಅಂತ ಒಂದು ಗುರುತು ಹಾಕಬಹುದು, ಅದು ಬರೀ ಸೂಚನೆ. ಬೀಗ ಹಾಕಬೇಕಾದ್ದು ಲಿನಕ್ಸ್ ಕಡೆ. ಟೂಲ್‌ಗೆ ಅಂತಲೇ ಸುಡೋ (ಅಡ್ಮಿನ್ ಅಧಿಕಾರ) ಇಲ್ಲದ ಒಂದು ಯೂಸರ್ ಮಾಡಿದ್ದೇನೆ.

ಬರೆದದ್ದು ಸರಿಯಿದೆಯಾ ಅಂತ ತಿಳಿಯಲು ಹಳೇ ಮೆಸೇಜ್‌ಗಳಿಂದ ಹನ್ನೆರಡು ಪ್ರಶ್ನೆ ಆರಿಸಿಕೊಂಡೆ, ಜನ ಬರೆದ ಹಾಗೇ, ಕಾಗುಣಿತದ ತಪ್ಪೂ ಸೇರಿ. ಒಂದು ಸಾಲು ತಿದ್ದಿದಾಗಲೆಲ್ಲ ಹೊಸ ಸೆಷನ್ ತೆರೆದು ಹನ್ನೆರಡನ್ನೂ ಕೇಳುವುದು, ಯಾವ ಟೂಲ್ ಕರೆಯಿತು, ಏನು ಹೇಳಿತು ಅಂತ ಬರೆದಿಡುವುದು. ಬೇಜಾರಿನ ಕೆಲಸ. ಆದರೆ 'ದಯವಿಟ್ಟು ಎಚ್ಚರಿಕೆಯಿಂದ ಬಳಸಿ' ತರಹದ ಸಾಲುಗಳಿಂದ ಏನೂ ಉಪಯೋಗ ಇಲ್ಲ ಅಂತ ಗೊತ್ತಾಗಿದ್ದು ಹೀಗೆ. ಅಂಥವನ್ನೆಲ್ಲ ಕಿತ್ತೆ.

ಮಂಡಿಪೇಟೆಯ ವಾಚ್ ಅಂಗಡಿಯಿಂದ ಸಿಆರ್ 2032 ಸೆಲ್ ಎಂಟು ತಂದು ಎಲ್ಲ ಕಂಪ್ಯೂಟ್ ನೋಡ್‌ಗೂ ಹಾಕಿದೆವು. ಕ್ರೋನಿ ಈಗ ಹೆಡ್ ನೋಡನ್ನೇ ಕೇಳುತ್ತದೆ. ಗಡಿಯಾರದ ವ್ಯತ್ಯಾಸ ಹೇಳುವ ಟೂಲ್ ಕೂಡ ಸೇರಿಸಿದ್ದೇನೆ, ಅದರ ವಿವರಣೆಯನ್ನು ಈ ಸಲ ಹುಡುಗನ ಕೈಲೇ ಬರೆಸುತ್ತಿದ್ದೇನೆ. ನಿನ್ನೆ ಮೊದಲ ಸಾಲು ಕಳಿಸಿದ್ದಾನೆ: 'ಗಡಿಯಾರದ ಸ್ಥಿತಿ ತಿಳಿಸುತ್ತದೆ'.